ಗೋಡೆಯಾಚೆಯ ಟೀವಿ

ಮೇಲೂರಿಗೆ ನಾನು ಸೊಸೆಯಾಗಿ ಬಂದಾಗ ನಮ್ಮತ್ತೆಗೂ ಪಕ್ಕದ ಮನೆಯ ಚಿಕ್ಕತ್ತೆಗೂ ಮಾತಿರಲಿಲ್ಲ. ಇಬ್ಬರೂ ವಾರಗಿತ್ತಿಯರು. ಮನೆ ಪಾಲಾಗಿ ನಡುವೆ ಗೋಡೆ ಎದ್ದಾಗ, ಒರಳುಕಲ್ಲು ಯಾರಿಗೆ ಎಂಬ ಜಗಳದಲ್ಲಿ ಮಾತು ಬಿಟ್ಟವರು. ನಾನು ಬರುವ ಹೊತ್ತಿಗೆ ಆ ಕಲ್ಲಿನಲ್ಲಿ ಕೋಳಿಗಳು ನೀರು ಕುಡಿಯುತ್ತಿದ್ದವು. ಹಟ ಮಾತ್ರ ಹಾಗೇ ಇತ್ತು.

ಸಂಜೆಯ ಧಾರಾವಾಹಿಯನ್ನು ಇಬ್ಬರೂ ತಪ್ಪಿಸುತ್ತಿರಲಿಲ್ಲ. ಅವರದು ಕೇಬಲ್, ನಮ್ಮದು ಡಿಶ್. ಅಲ್ಲಿನ ಮಾತು ಇಲ್ಲಿಗಿಂತ ಚೂರು ಮುಂಚೆ ಬರುತ್ತಿತ್ತು. ಚಿಕ್ಕತ್ತೆ ಗೋಡೆಯಾಚೆ "ಅಯ್ಯೋ ಪಾಪಿ!" ಎಂದರೆ, ನಮ್ಮ ಟೀವಿಯಲ್ಲಿ ಇನ್ನೇನು ಯಾರದೋ ಕೆನ್ನೆಗೆ ಏಟು ಬೀಳುತ್ತದೆ ಎಂದರ್ಥ. "ನೋಡಕ್ಕೂ ಬಿಡಲ್ಲ ಇವಳು" ಎಂದು ಅತ್ತೆ ಗೊಣಗುತ್ತಿದ್ದರು. ಆ ಕಡೆ ಸದ್ದಿಲ್ಲದ ದಿನ ಮಾತ್ರ, "ಮೈ ಸರಿ ಇಲ್ವೇನೋ" ಎಂದು ಗೋಡೆಗೇ ಕಿವಿ. ನನಗೆ ನಗು ಬರುತ್ತಿತ್ತು, ಬೇಜಾರೂ ಆಗುತ್ತಿತ್ತು.

ಧಾರಾವಾಹಿಯ ಸೊಸೆ ಮನೆ ಬಿಡುತ್ತಾಳೋ ಇಲ್ಲವೋ ಎಂದು ಊರೆಲ್ಲ ಕಾಯುತ್ತಿದ್ದ ದಿನವೇ ನಮ್ಮ ರೇಷ್ಮೆ ಹುಳಗಳು ಹಣ್ಣಾದವು. ನಾಳೆ ಆಗುತ್ತವೆ ಎಂದುಕೊಂಡು ಗಂಡಸರು ಚಿಂತಾಮಣಿಗೆ ತಿಥಿ ಊಟಕ್ಕೆ ಹೋಗಿದ್ದರು. ಹಣ್ಣಾದ ಹುಳಗಳನ್ನು ಆಗಲೇ ಆರಿಸಿ, ಗೂಡು ಕಟ್ಟಲು ಚಂದ್ರಂಕಿ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ಇಲ್ಲದಿದ್ದರೆ ಸಿಕ್ಕಲ್ಲೆಲ್ಲ ನೂಲು ಬಿಟ್ಟು ಬೆಳೆಯೇ ಹಾಳು. ಮನೆಯಲ್ಲಿ ಇದ್ದದ್ದು ಅತ್ತೆ, ನಾನು ಇಬ್ಬರೇ.

"ಚಿಕ್ಕತ್ತೇನ ಕೂಗ್ಲಾ?" ಎಂದೆ.

"ಸತ್ರೂ ಬೇಡ. ಸುಮ್ನೆ ಆರ್ಸಮ್ಮ."

ನನಗೆ ರೇಗಿಹೋಯಿತು. ನಿಮ್ಮ ಒರಳುಕಲ್ಲಿನ ಜಗಳ ಹುಳಕ್ಕೇನು ಗೊತ್ತು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಗ್ಗಿ ಹುಳ ಆರಿಸತೊಡಗಿದೆ.

ಗೋಡೆಯಾಚೆ ಧಾರಾವಾಹಿಯ ಹಾಡು ಶುರುವಾಯಿತು. ಸ್ವಲ್ಪ ಹೊತ್ತಿಗೇ ತಟ್ಟನೆ ನಿಂತಿತು. ನೋಡಿದರೆ ಹುಳದ ಮನೆಯ ಬಾಗಿಲಲ್ಲಿ ಚಿಕ್ಕತ್ತೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು.

"ನಿಮ್ಮನೆ ಟೀವಿ ಸದ್ದೇ ಇಲ್ಲ. ಹುಳ ಹಣ್ಣಾಗಿರ್ಬೇಕು ಅಂದ್ಕೊಂಡೆ" ಎಂದು ನನಗೆ ಹೇಳಿ, ಅತ್ತೆಯ ಎದುರು ಕೂತು ಆರಿಸತೊಡಗಿದರು. ಅತ್ತೆ ತಲೆ ಎತ್ತಲಿಲ್ಲ. ಬೇಡ ಎನ್ನಲೂ ಇಲ್ಲ.

ಕೆಲಸ ಮುಗಿಯುವ ಹೊತ್ತಿಗೆ ಅತ್ತೆ ಹುಳಗಳನ್ನೇ ನೋಡುತ್ತ ಕೇಳಿದರು: "ಆ ಸೊಸೆ ಮನೆ ಬಿಟ್ಲೇನೇ?"

ಚಿಕ್ಕತ್ತೆ ಕೈಯಲ್ಲಿದ್ದ ಹುಳವನ್ನು ಚಂದ್ರಂಕಿಗೆ ಬಿಟ್ಟರು. "ಗೊತ್ತಿಲ್ಲ ಕಣಕ್ಕಾ. ನಾನೆಲ್ಲಿ ನೋಡ್ದೆ?"

ಅತ್ತೆ ಎದ್ದು ಕೈ ತೊಳೆದರು. ಸೆರಗಿನಲ್ಲಿ ಒರೆಸಿಕೊಳ್ಳುತ್ತ, "ನಾಳೆ ಮಧ್ಯಾಹ್ನ ಮತ್ತೆ ಹಾಕ್ತಾರೆ, ಇಲ್ಲಿಗೇ ಬಾ" ಎಂದರು. "ನಿಮ್ಮನೇಲಿ ಕೂತ್ರೆ ಮೊದ್ಲೇ ಕೂಗಿ ಎಲ್ಲಾ ಹೇಳ್ಬಿಡ್ತೀಯ."