ನನ್ನ ಸರ್ವರ್ ಕಳಿಸದ ಉತ್ತರ

ಸರ್ವರ್ ಕಳಿಸದ ಉತ್ತರವೊಂದು ಫೋನಿನಲ್ಲಿ ಕಾಣಿಸಿತು ಎಂದು ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ನೀವೂ ನಂಬದಿದ್ದರೆ ನನಗೆ ಬೇಸರವಿಲ್ಲ.

ಮಲ್ಲಂದೂರು ಸುತ್ತಿನ ತೋಟಗಳಿಗಾಗಿ ನಾನೊಂದು ಪುಟ್ಟ ವೆಬ್‌ಸೈಟ್ ಮಾಡಿದ್ದೆ. ಕಾವಲುಗಾರರು ಆನೆ ಕಂಡ ಜಾಗವನ್ನು ತಿಳಿಸುತ್ತಾರೆ. ಕಾಫಿ ಕೊಯ್ಯಲು ಹೋಗುವವರು ದಾರಿಯ ಹೆಸರು ಒತ್ತಿದರೆ ‘ಆನೆ ಇದೆ, ನಿಲ್ಲಿ’ ಅಥವಾ ‘ಆನೆ ಇಲ್ಲ, ಹೋಗಿ’ ಎಂಬ ಉತ್ತರ ಬರುತ್ತದೆ. ಯಾವ ಫೋನಿಗೆ, ಯಾವ ದಾರಿಗೆ, ಏನು ಉತ್ತರ ಹೋಯಿತೆಂದು ಲಾಗ್‌ನಲ್ಲಿ ಒಂದೊಂದು ಸಾಲಾಗಿ ದಾಖಲಾಗುವಂತೆ ಮಾಡಿದ್ದೆ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೇ ಇತ್ತು.

ಕಳೆದ ಕೊಯ್ಲಿನಲ್ಲಿ ಒಂದು ಬೆಳಿಗ್ಗೆ, ಇದೆಲ್ಲ ಹೇಗೆ ನಡೆಯುತ್ತಿದೆ ನೋಡೋಣವೆಂದು ಕೆಲಸದ ಹೆಂಗಸರ ಜೊತೆ ಜೀಪು ಹತ್ತಿದೆ. ದಟ್ಟ ಮಂಜು. ಕೆಳತೋಟದ ತಿರುವಿಗೆ ಮುಂಚೆ ಡ್ರೈವರ್ ರಫೀಕ್ ರೂಢಿಯಂತೆ ನಿಲ್ಲಿಸಿ ಫೋನ್ ನೋಡಿದ. ‘ಆನೆ ಇದೆ, ನಿಲ್ಲಿ’ ಎಂದಿತ್ತು. ಹಿಂದಿದ್ದವರೂ ಬಗ್ಗಿ ಓದಿದರು. ನನ್ನ ಫೋನ್ ಮಾತ್ರ ‘ಆನೆ ಇಲ್ಲ, ಹೋಗಿ’ ಎನ್ನುತ್ತಿತ್ತು.

“ಫೋನಿಗೊಂದೊಂದು ಆನೆನಾ ಸಾರ್?” ಎಂದು ನನ್ನ ಪಕ್ಕ ಕೂತಿದ್ದ ಶಾರದಕ್ಕ ನಕ್ಕರು.

“ನಂದೇ ಸರಿ. ಇದನ್ನ ಮಾಡಿದವನು ನಾನಲ್ವಾ? ಹೊರಡು,” ಎಂದೆ.

“ನಿಲ್ಲಿ ಅಂತಿರುವಾಗ ಹೋಗದು ಹೆಂಗೆ ಮಾರಾಯ್ರೆ? ತಡ ಆದ್ರೆ ಮೇಸ್ತ್ರಿ ಬೈತಾರೆ, ಅಷ್ಟೇ ತಾನೆ,” ಎಂದು ರಫೀಕ್ ಎಂಜಿನ್ ಆಫ್ ಮಾಡಿದ.

ಎಲ್ಲರೆದುರು ಅವನ ಮೇಲೆ ರೇಗಿದೆ. ನನ್ನ ಮಾತು ಮುಗಿಯುವ ಮೊದಲೇ ತಿರುವಿನಲ್ಲಿ ಕೊಂಬೆ ಮುರಿಯಿತು. ಮಂಜಿನೊಳಗಿಂದ ಒಂಟಿ ಸಲಗ ರಸ್ತೆಗೆ ಬಂದು, ನಮ್ಮ ಕಡೆ ತಿರುಗಿ ನಿಂತಿತು. ಶಾರದಕ್ಕ ನನ್ನ ತೋಳನ್ನು ಬಿಗಿಯಾಗಿ ಹಿಡಿದಿದ್ದರು. ಆಮೇಲೆ ಅದು ಇಳಿಜಾರು ಇಳಿದು ಹೋಯಿತು. ಹೊರಟಿದ್ದರೆ ನಾವು ಅದರ ಕಾಲಬುಡದಲ್ಲೇ ಇರುತ್ತಿದ್ದೆವು.

ಮನೆಗೆ ಬಂದು ಲಾಗ್ ತೆರೆದೆ. ಅಂದು ಕಾವಲುಗಾರರ ಮಾಹಿತಿ ಸರ್ವರ್‌ಗೆ ತಲುಪಿಯೇ ಇರಲಿಲ್ಲ. ಮಾಹಿತಿ ಸಿಗದಿದ್ದರೆ ಆನೆ ಇಲ್ಲವೆಂದೇ ಹೇಳುವಂತೆ ನಾನು ಕೋಡ್ ಬರೆದಿದ್ದೆ. ಅದರಂತೆ ಸರ್ವರ್ ನನ್ನ ಫೋನಿಗೆ ‘ಹೋಗಿ’ ಎಂದು ಕಳಿಸಿತ್ತು. ರಫೀಕನ ಫೋನಿಗೂ ಅದನ್ನೇ. ಹಳೆಯ ಎಚ್ಚರಿಕೆ ಅವನ ಫೋನಿನಲ್ಲಿ ಉಳಿದಿರಬಹುದೆಂದು ಇಡೀ ಕೊಯ್ಲಿನ ಲಾಗ್ ಹುಡುಕಿದೆ. ಆ ದಾರಿಗೆ ‘ನಿಲ್ಲಿ’ ಎಂಬ ಉತ್ತರ ಒಮ್ಮೆಯೂ ಯಾರಿಗೂ ಹೋಗಿರಲಿಲ್ಲ.

ಮೊನ್ನೆ ಆಲ್ದೂರಿನ ಬಸ್ಸಿನಲ್ಲಿ ಶಾರದಕ್ಕ ನನ್ನನ್ನು ತೋರಿಸಿ, “ಇವ್ರು ಮಾಡಿದ್ದೇ ನಮ್ಮ ಜೀವ ಉಳಿಸಿದ್ದು,” ಎಂದು ಪಕ್ಕದವರಿಗೆ ಹೇಳಿದರು. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

ಕೋಡ್ ತಿದ್ದಿದ್ದೇನೆ, ಮಾಹಿತಿ ಇಲ್ಲದಿದ್ದರೆ ಈಗ ‘ಗೊತ್ತಿಲ್ಲ’ ಎನ್ನುತ್ತದೆ. ಲಾಗ್‌ನಲ್ಲಿ ಆ ಬೆಳಗಿನ ಸಾಲು ಮಾತ್ರ ಹಾಗೇ ಇದೆ. ಹನ್ನೊಂದು ಮಂದಿ ಹೆಂಗಸರಿದ್ದ ಜೀಪಿಗೆ ನಾನು ಕಳಿಸಿದ್ದು ‘ಹೋಗಿ’ ಎಂದು. ‘ನಿಲ್ಲಿ’ ಎಂದವರು ಯಾರೋ, ನನಗೆ ಇವತ್ತಿಗೂ ತಿಳಿದಿಲ್ಲ.