ಬೆಂಚಕ್ಕನ ಡಬ್ಬಿಯಲ್ಲಿ ಓದದೆ ಉಳಿದ ಚೀಟಿಗಳು

ನಿನ್ನೆ ಸಂಜೆಯಿಂದ ಗಾಳಿ ಹಟ್ಟಿ ತಪ್ಪಿದ ಕರುವಿನಂತೆ ಅಲೆಯುತ್ತಿದೆ. ಮೋಡ ಕಟ್ಟುತ್ತದೆ, ಚದುರುತ್ತದೆ, ಮತ್ತೆ ಕಟ್ಟುತ್ತದೆ. ಒಂದು ಹನಿಯನ್ನೂ ಉದುರಿಸುವುದಿಲ್ಲ. ಬೆಳಗಿನ ಐದೂಕಾಲಿಗೆ ಚರ್ಚಿನ ಹಿಂಬಾಗಿಲು ತನ್ನಷ್ಟಕ್ಕೇ ಬಡಿದುಕೊಳ್ಳುತ್ತಿದೆ. ಬೆಂಚಕ್ಕ ಅದಕ್ಕೊಂದು ಇಟ್ಟಿಗೆ ಒತ್ತಿಟ್ಟು, "ನಿನಗೂ ನೆಮ್ಮದಿಯಿಲ್ಲ, ನನಗೂ ಇಲ್ಲ. ಸುಮ್ನಿರು" ಎಂದು ಗದರಿ, ಬಕೆಟ್ಟಿಗೆ ಬಟ್ಟೆ ಅದ್ದುತ್ತಾರೆ. ಗಂಡನ ಹಳೇ ಅಂಗಿಯಿಂದ ಹರಿದ ಬಟ್ಟೆ. ನೀಲಿ ಬಣ್ಣದ ಚುಕ್ಕೆಗಳು ಇನ್ನೂ ಹೋಗಿಲ್ಲ.

ಐವತ್ತೆಂಟರ ಬೆಂಚಕ್ಕ ಹತ್ತೊಂಬತ್ತು ವರ್ಷಗಳಿಂದ ಇಲ್ಲಿನ ಇಪ್ಪತ್ತಾರು ಬೆಂಚುಗಳನ್ನು ದಿನಾ ಒರೆಸುತ್ತಾರೆ. ಅದು ಸಂಬಳದ ಕೆಲಸ. ಸಂಬಳವಿಲ್ಲದ ಇನ್ನೊಂದು ಕೆಲಸವಿದೆ. ಬಾಗಿಲ ಬಳಿಯ ಪೆಟ್ಟಿಗೆಗೆ ಜನ ಪ್ರಾರ್ಥನೆಯ ಚೀಟಿ ಹಾಕುತ್ತಾರೆ. ಬೆಂಚಿಗೊಂದರಂತೆ ಚೀಟಿ ಓದಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಆ ಬೆಂಚು ಒರೆಸಿ ಮುಗಿಯುವ ತನಕ ಬರೆದವರಿಗಾಗಿ ಬೇಡುವುದು ಅವರ ಕ್ರಮ.

"ಕೈ ದುಡೀತಿದ್ರೆ ಬಾಯಿ ಸುಳ್ಳು ಹೇಳಲ್ಲ" ಎನ್ನುತ್ತಾರೆ. "ಕಾಯಿಲೆ ಚೀಟಿ ಬಂದ್ರೆ ಬೆಂಚಿನ ಅಡೀನೂ ಒರೆಸ್ತೀನಿ. ಪರೀಕ್ಷೆ ಪಾಸಾಗ್ಲಿ ಅನ್ನೋರಿಗೆ ಮೇಲ್ಮೇಲೆ ಸಾಕು, ಓದ್ಕೊಳ್ಳಲಿ."

ಬಾಗಿಲ ಪಕ್ಕದ ಇಪ್ಪತ್ತಾರನೆಯದು ಅವರ ಸ್ವಂತ ಬೆಂಚು. ಅದಕ್ಕೆ ಚೀಟಿ ಬೇಕಿಲ್ಲ. ಗಂಡ ಮನೆಗಳಿಗೆ ಬಣ್ಣ ಬಳಿಯುತ್ತಿದ್ದವರು. ನಾಲ್ಕು ವರ್ಷದ ಹಿಂದೆ ಅಟ್ಟಣಿಗೆಯಿಂದ ಬಿದ್ದರು. ಸೊಂಟದ ಕೆಳಗೆ ಜೀವವಿಲ್ಲ. ಬೆನ್ನು ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬೆಂಚಕ್ಕ ಇಲ್ಲಿರುವಾಗ ನಾದಿನಿ ನೋಡಿಕೊಳ್ಳುತ್ತಾಳೆ. ನಾಲ್ಕು ವರ್ಷವೂ ಆ ಬೆಂಚಿಗೆ ಒಂದೇ ಮಾತು: "ಯೇಸಪ್ಪಾ, ಅವರು ಎದ್ದು ನಿಲ್ಲಲಿ."

ನಲವತ್ತೊಂದು ದಿನದ ಹಿಂದೆ ಒಂದೇ ವಾರದಲ್ಲಿ ಮೂವರು ಬಂದು ಕೈಮುಗಿದರು: "ನಿಮ್ಮ ಪ್ರಾರ್ಥನೆ ಫಲಿಸ್ತು ಬೆಂಚಕ್ಕಾ." ಮೂರನೆಯವರು ಬಂದುಹೋದ ದಿನ ಇಪ್ಪತ್ತಾರನೇ ಬೆಂಚಿನ ಮುಂದೆ ನಿಂತ ಬೆಂಚಕ್ಕನಿಗೆ ಬಾಯಿ ತೆರೆಯಲಾಗಲಿಲ್ಲ. "ಊರಿಗೆಲ್ಲ ಕೊಡೆ ಹಿಡಿದೆ, ನಾನು ಮಾತ್ರ ನೆಂದೆ" ಎಂದು ಈಗಲೂ ತಮ್ಮಷ್ಟಕ್ಕೇ ಗೊಣಗುವಾಗ ಅವರ ಕೈ ಒಂದೇ ಜಾಗವನ್ನು ಮತ್ತೆ ಮತ್ತೆ ಉಜ್ಜುತ್ತಿದೆ. ಅಂದಿನಿಂದ ಬೆಂಚು ಒರೆಸುತ್ತಾರೆ, ಬೇಡುವುದಿಲ್ಲ. ಚೀಟಿಗಳು ಓದದೆಯೇ ಒಂದು ಬಿಸ್ಕತ್ತಿನ ಡಬ್ಬಿ ಸೇರುತ್ತಿವೆ. ಪಾದ್ರಿಗಳಿಗೂ ಗೊತ್ತಿಲ್ಲ. ಬಿಟ್ಟೇಬಿಡೋಣವೆಂದರೆ ಬೆಳಿಗ್ಗೆ ಕಾಲು ತಾನಾಗಿ ಇತ್ತ ಬರುತ್ತದೆ. ಬಂದರೆ ನಾಲಿಗೆ ಏಳುವುದಿಲ್ಲ.

ಗೊತ್ತಿರುವುದು ಗಂಡನಿಗೊಬ್ಬರಿಗೇ. ಹಾಸಿಗೆಯಿಂದಲೇ ಛೇಡಿಸುತ್ತಾರೆ: "ನನ್ನ ಮೇಲೆ ಮುನಿಸ್ಕೊಂಡ್ರೆ ಎರಡು ದಿನ ತಡೀತಿರ್ಲಿಲ್ಲ ನೀನು. ಆ ಮೇಲಿನವನಿಗೆ ಮಾತ್ರ ನಲವತ್ತು ದಿನದ ಮರ್ಯಾದೆಯೇನೇ?"

ಇಂದು ಹದಿನೈದನೇ ಬೆಂಚಿಗೆ ಬರುವಷ್ಟರಲ್ಲಿ ಪಕ್ಕದ ಬೀದಿಯ ಹೊಲಿಗೆಯಾಕೆ ಓಡೋಡಿ ಬರುತ್ತಾಳೆ. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಇದೆ. ಜ್ವರ ಬಿಟ್ಟ ಮೇಲೆ ಅವಳ ಮಗಳ ಮಾತು ನಿಂತುಹೋಗಿ ತಿಂಗಳಾಗಿತ್ತು.

"ನಿನ್ನೆ 'ಅಮ್ಮ, ಹಸಿವು' ಅಂದ್ಳು ಅಕ್ಕಾ! ಎಲ್ಲಾ ನಿಮ್ಮಿಂದ. ದಿನಾ ನನ್ನ ಚೀಟಿ ಹಿಡ್ಕೊಂಡು ಕೇಳಿದ್ರಲ್ಲ!" ಅವಳು ಬಗ್ಗಿ ಕಾಲು ಮುಟ್ಟಲು ಹೋಗುತ್ತಾಳೆ.

ಬೆಂಚಕ್ಕ ಬೆಂಕಿ ತುಳಿದವರಂತೆ ಹಿಂದೆ ಸರಿಯುತ್ತಾರೆ. ಮೂಲೆಗೆ ಹೋಗಿ ಡಬ್ಬಿ ತೆರೆದು ತಡಕಾಡುತ್ತಾರೆ. ಆ ಚೀಟಿಯನ್ನು ಹುಡುಕುವುದು ಕಷ್ಟವಲ್ಲ. ಕಾಗದವಿಲ್ಲದೆ ಹೊಲಿಗೆಯಾಕೆ ಹಳದಿ ಲೈನಿಂಗ್ ಬಟ್ಟೆಯ ತುಂಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಸುರುಳಿ ಸುತ್ತಿ, ಕೆಂಪು ದಾರದಿಂದ ಬಿಗಿದು ಗಂಟು ಹಾಕಿದ್ದಳು. ಅದನ್ನು ಅವಳ ಅಂಗೈಯಲ್ಲಿಡುತ್ತಾರೆ.

"ಗಂಟು ಬಿಚ್ಚೇ ಇಲ್ಲ..." ಎನ್ನುತ್ತಾಳೆ ಹೊಲಿಗೆಯಾಕೆ.

"ಇಲ್ಲ ತಾಯಿ. ನಲವತ್ತು ದಿನದಿಂದ ನಾನು ಯಾರಿಗೋಸ್ಕರಾನೂ ಏನೂ ಕೇಳಿಲ್ಲ. ನನ್ನನ್ನ ನಂಬಿ ನೀನು ಕೆಟ್ಟೆ. ಬೈದ್ಬಿಡು."

ಹಿಂಬಾಗಿಲು ಇಟ್ಟಿಗೆಯನ್ನು ತಳ್ಳಿ ಇನ್ನೊಮ್ಮೆ ಬಡಿದುಕೊಳ್ಳುತ್ತದೆ. ಹೊಲಿಗೆಯಾಕೆ ಗಂಟನ್ನೇ ನೋಡುತ್ತಾಳೆ.

"ನನಗೆ ತಿಂಗಳಿಂದ ಪ್ರಾರ್ಥನೇನೇ ಬರ್ತಿರ್ಲಿಲ್ಲ ಅಕ್ಕಾ. ಮಂಡಿ ಊರಿದ್ರೆ ಅಳು ಮಾತ್ರ. 'ನಾನು ಕೇಳದಿದ್ರೂ ಬೆಂಚಕ್ಕ ಕೇಳ್ತಿರ್ತಾರೆ' ಅಂದ್ಕೊಂಡು ನಿದ್ದೆ ಮಾಡ್ತಿದ್ದೆ."

"ನೋಡು ಮತ್ತೆ. ಕುರುಡಿ ಕೈ ಕುರುಡಿ ಹಿಡಿದಂಗಾಯ್ತು."

"ಹೌದಲ್ವಾ! ಆದ್ರೂ ಹುಡುಗಿ ಹಸಿವು ಅಂದ್ಳಲ್ಲ" ಎಂದು ಅವಳು ಅಳುತ್ತಲೇ ನಗುತ್ತಾಳೆ. ಬೆಂಚಕ್ಕನಿಗೆ ನಗು ಬರುವುದಿಲ್ಲ. "ಅದೇ ನನಗೆ ಅರ್ಥವಾಗದ್ದು. ಕೇಳಿದ್ದಕ್ಕೆ ಕೊಡಲ್ಲ, ಕೇಳದ್ದಕ್ಕೆ ಕೊಡ್ತಾನೆ. ಹೀಗಾದ್ರೆ ನಾನು ಇಲ್ಲಿ ಯಾಕೆ ಬೇಕು?"

ಹೊಲಿಗೆಯಾಕೆ ಕಣ್ಣೊರೆಸಿಕೊಳ್ಳುತ್ತಾಳೆ. "ನಿಮ್ಮ ಬೆಂಚು ಯಾವ್ದು?" ಎಂದು ಕೇಳುತ್ತಾಳೆ. ಬೆಂಚಕ್ಕ ಗಲ್ಲ ಎತ್ತಿ ತೋರಿಸುತ್ತಾರೆ.

"ನಿಮ್ಮ ಪರವಾಗಿ ಏನಂತ ಕೇಳ್ಲಿ?"

ಬೆಂಚಕ್ಕ ಆ ಬೆಂಚಿನ ಕಡೆಗೇ ನೋಡುತ್ತಾ ಹೇಳುತ್ತಾರೆ: "ಅವರು ಎದ್ದು ನಿಲ್ಲಲಿ ಅಂತ. ಇನ್ನೂ ಅದೇ."

ಅವಳು ಅವರ ಕೈಯಿಂದ ಬಟ್ಟೆ ತೆಗೆದುಕೊಂಡು ಇಪ್ಪತ್ತಾರನೇ ಬೆಂಚಿನ ಮುಂದೆ ಕುಳಿತು ಒರೆಸತೊಡಗುತ್ತಾಳೆ. ಮೇಲೆ, ಬೆನ್ನಾಸರೆ, ಕಾಲುಗಳು. ಆಮೇಲೆ ನೆಲಕ್ಕೆ ಬಗ್ಗಿ ಅಡಿಭಾಗ. ತುಟಿ ಅಲ್ಲಾಡುತ್ತಿದೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಬೆಂಚಕ್ಕ ಈ ಹೊತ್ತಿನಲ್ಲಿ ಬರಿಗೈಯಲ್ಲಿ ನಿಂತಿದ್ದಾರೆ. ಕೈ ಎಲ್ಲಿಡಬೇಕೆಂದು ತಿಳಿಯದೆ ಸೆರಗಿನ ತುದಿ ತಿರುಚುತ್ತಾರೆ.

ಹೊರಗೆ ಮಳೆ ಬಂದಿಲ್ಲ. ಮನೆಯಲ್ಲಿ ಗಂಡನ ಮಗ್ಗುಲು ಬದಲಿಸುವ ಹೊತ್ತು ಹತ್ತಿರವಾಗುತ್ತಿದೆ. ಹೊಲಿಗೆಯಾಕೆ ಎದ್ದು, ಬಟ್ಟೆಯನ್ನು ಬಕೆಟ್ಟಿನಲ್ಲಿ ಜಾಲಿಸಿ, ಹಿಂಡಿ, ನೀಲಿ ಚುಕ್ಕೆಗಳು ಮೇಲೆ ಬರುವಂತೆ ಮಡಚಿ ಅವರ ಕೈಗಿಡುತ್ತಾಳೆ.