ಕೆಂಪು ಪಟ್ಟಿ ಕಟ್ಟಿದ ಮರಗಳು

ನಮ್ಮಕ್ಕ ಕಸುಬಿನಲ್ಲಿ ದರ್ಜಿ, ಹಟದಲ್ಲಿ ಅವಳನ್ನು ಮೀರಿಸುವವರಿಲ್ಲ. ಸ್ವಂತ ಮಕ್ಕಳಿಲ್ಲದ ಅವಳು ಭಾನುವಾರ ಬೆಳಗಾದರೆ ಸಾಕು, ಬೀದಿಯ ಏಳೆಂಟು ಮಕ್ಕಳನ್ನು ಕಟ್ಟಿಕೊಂಡು ಪಾರ್ಕಿಗೆ ಹೊರಡುತ್ತಿದ್ದಳು. ಎರೆಹುಳವನ್ನು ಅಂಗೈ ಮೇಲೆ ಬಿಡುವುದು, ಕಣ್ಣು ಮುಚ್ಚಿಸಿ ತೊಗಟೆ ಸವರಿಸಿ ಯಾವ ಮರವೆಂದು ಕೇಳುವುದು, ಎತ್ತಿದ ಕಲ್ಲನ್ನು ಇದ್ದ ಹಾಗೇ ಇಡಿಸುವುದು. ಮಕ್ಕಳ ಬಾಯಲ್ಲಿ ಅವಳು ಹುಳದಕ್ಕ. "ಅಂಗಡಿ ಮುಚ್ಚಿ ಹುಳ ಹೆಕ್ಕೋಕೆ ಹೋಗ್ತೀಯಲ್ಲ, ತಲೆ ನೆಟ್ಟಗಿದೆಯಾ?" ಎಂದು ನಾನು ರೇಗಿಸಿದರೆ, ಗುಂಡುಸೂಜಿ ಕಚ್ಚಿಕೊಂಡೇ ನಗುತ್ತಿದ್ದಳು. ಅವಳಿಗೆ ಇದ್ದ ಸುಖವೆಂದರೆ ಅದೊಂದೇ.

ಒಂದು ಭಾನುವಾರ ಅವಳಿಗೆ ಹೊಸ ಹುಮ್ಮಸ್ಸು ಬಂತು. ಪ್ರತಿ ಮಗುವೂ ತನಗಿಷ್ಟವಾದ ಮರವೊಂದನ್ನು ಆರಿಸಿಕೊಂಡು ವರ್ಷವಿಡೀ ಅದನ್ನೇ ಗಮನಿಸಬೇಕು. ಗುರುತಿಗೆಂದು ಅಂಗಡಿಯಲ್ಲಿ ಉಳಿದಿದ್ದ ಕೆಂಪು ಬಟ್ಟೆಯ ಪಟ್ಟಿ ಕಟ್ಟಿಸಿದಳು. ಪಕ್ಕದ ಮನೆಯ ಪುಟ್ಟಿ, ಪೊಟರೆಯಲ್ಲಿ ಗಿಳಿಮರಿಗಳಿದ್ದ ಮರವೇ ಬೇಕೆಂದು ಪಟ್ಟು ಹಿಡಿದಳು.

ಸೋಮವಾರ ಪಾರ್ಕಿನ ಕಚೇರಿಯವರು ಇನ್ನೊಂದು ಮೂಲೆಯ ಒಣಮರಗಳನ್ನು ಕಡಿಸಲು ಗುರುತು ಮಾಡಿದರು. ಅವರು ಕಟ್ಟಿದ್ದೂ ಕೆಂಪು ಬಟ್ಟೆಯೇ. ಮಂಗಳವಾರ ಬಂದ ಆಳುಗಳು ಕೆಂಪು ಕಂಡಲ್ಲೆಲ್ಲ ಗರಗಸ ಹಾಕಿದರು. ಮಕ್ಕಳ ಮರಗಳೂ, ಗಿಳಿಮರಿಗಳಿದ್ದ ಪುಟ್ಟಿಯ ಮರವೂ ನೆಲಕ್ಕುರುಳಿದವು. ಹಸಿರೆಲೆ ಕಾಣಲಿಲ್ಲವೇ ಎಂದು ನಾನು ಮೇಸ್ತ್ರಿಯ ಮೇಲೆ ಹರಿಹಾಯ್ದೆ.

"ಬಟ್ಟೆ ನೋಡಿ ಕಡೀರಿ ಅಂದಿದ್ರು, ಕಡಿದ್ವಿ," ಎಂದ. ಅವನ ಜೊತೆ ಇನ್ನೇನು ಜಗಳವಾಡುವುದು?

ಅಕ್ಕ ಮೂರು ದಿನ ಹೊಲಿಗೆ ಯಂತ್ರ ತುಳಿಯಲಿಲ್ಲ. "ಮರಕ್ಕೆ ರೋಗ ಬಂದಿತ್ತು ಅಂತ ಹೇಳ್ಬಿಡೇ ಅಕ್ಕ. ನಿಜ ಗೊತ್ತಾದ್ರೆ ಮಕ್ಕಳು ನಿನ್ನ ಹತ್ರ ಸುಳಿಯಲ್ಲ," ಎಂದೆ.

"ನಾನೇ ಕಟ್ಸಿ, ನಾನೇ ಸುಳ್ಳು ಹೇಳ್ಲಾ?" ಎಂದಳು.

ಭಾನುವಾರ ನಾನೂ ಜೊತೆಗೆ ಹೋದೆ. ಕೆಂಪು ಪಟ್ಟಿ ನೋಡಿಯೇ ಮರ ಕಡಿದರೆಂದು ಅಕ್ಕ ಮಕ್ಕಳಿಗೆ ನಡೆದದ್ದನ್ನೆಲ್ಲ ಹೇಳಿದಳು. ಪುಟ್ಟಿ ಮೋಟುಮರದ ಪಕ್ಕ ಕುಕ್ಕರುಗಾಲಲ್ಲಿ ಕೂತು ಕೇಳಿದಳು: "ನಾನು ಪಟ್ಟಿ ಕಟ್ಟದೇ ಇದ್ದಿದ್ರೆ ಇದು ಇರ್ತಿತ್ತಾ?"

ಅಕ್ಕ ಅವಳ ಪಕ್ಕದಲ್ಲೇ ಕೂತಳು. "ಇರ್ತಿತ್ತು ಕಂದ. ಆದ್ರೆ ಕಟ್ಸಿದ್ದು ನಾನು. ತಪ್ಪು ನಂದು, ನಿಂದಲ್ಲ."

ಪುಟ್ಟಿ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ಅಕ್ಕ ಮೆಲ್ಲಗೆ ಅವಳನ್ನು ಪಕ್ಕದ ಮರದ ಹತ್ತಿರ ಕರೆದಳು. "ಬಾ, ಇದರ ತೊಗಟೆ ಹೇಗಿದೆ, ಸವರಿ ನೋಡು."

ಪುಟ್ಟಿ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. "ಬೇಡ ಹುಳದಕ್ಕ. ನಾನು ಮುಟ್ಟಿದ್ರೆ ಇದನ್ನೂ ಕಡೀತಾರೆ."

ಅವಳನ್ನು ನೋಡಿ ಉಳಿದ ಮಕ್ಕಳೂ ಆ ದಿನ ಏನನ್ನೂ ಮುಟ್ಟಲಿಲ್ಲ.